ಕಳ್ಳ ಬೀಗ ಒಡೆದೇ ಬರಬೇಕು

ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದ ಸಂತಾನ ವೇಣುಗೋಪಾಲಸ್ವಾಮಿಯ ವ್ಯವಹಾರ ಬಲು ಸರಳ. ಮಕ್ಕಳಿಲ್ಲದ ಗಂಡ ಹೆಂಡತಿ ಬಂದು ಹರಕೆ ಹೊರುತ್ತಾರೆ; ಮನೆಯಲ್ಲಿ ತೊಟ್ಟಿಲು ತೂಗಿದ ಮೇಲೆ ಮತ್ತೆ ಬಂದು ತೀರಿಸುತ್ತಾರೆ. ಕೆಲಸ ಆಗದಿದ್ದರೆ ಸ್ವಾಮಿ ಬಾಕಿ ವಸೂಲಿಗೆಂದು ಯಾರ ಬಾಗಿಲಿಗೂ ಬಂದವನಲ್ಲ. ಮೊದಲು ಫಲ, ಆಮೇಲೆ ಕಾಣಿಕೆ. ಅದೇ ಸ್ವಾಮಿಯ ನೆರಳಿನಲ್ಲಿ ಹಣ್ಣುಕಾಯಿ ಮಾರುವವರು, ಗಿರಣಿ ಇಟ್ಟವರು, ಗೊಬ್ಬರದಂಗಡಿ ನಡೆಸುವವರು ಇನ್ನೊಂದು ದೇವರಿಗೂ ನಡೆದುಕೊಳ್ಳುತ್ತಾರೆ. ಅದರ ಹೆಸರು ಇನ್ಶೂರೆನ್ಸ್ ಕಂಪನಿ. ಅಲ್ಲಿ ಶಾಸ್ತ್ರ ತಿರುಗುಮುರುಗು. 1938ರ ವಿಮಾ ಕಾಯ್ದೆಯ 64ವಿಬಿ ಕಲಮಿನ ಪ್ರಕಾರ ಪ್ರೀಮಿಯಂ ಕೈಸೇರುವ ತನಕ ಕಂಪನಿ ಯಾವ ಹೊಣೆಯನ್ನೂ ಹೊರುವಂತಿಲ್ಲ. ವೇಣುಗೋಪಾಲ ಉದ್ರಿ ಕೊಡುತ್ತಾನೆ, ಕಂಪನಿ ಕೊಡುವುದಿಲ್ಲ. ಕಾಣಿಕೆ ಕಟ್ಟಿದ ಮೇಲೆ ಫಲ ಸಿಗುತ್ತದೋ ಇಲ್ಲವೋ ಎಂಬುದು ಪಾಲಿಸಿಯ ಹಿಂದಿನ ಪುಟಗಳಲ್ಲಿ ಇರುವೆ ಸಾಲಿನ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಅದನ್ನು ಓದಿದವರು ಇಬ್ಬರೇ: ಬರೆದ ವಕೀಲರು, ಮತ್ತು ಕ್ಲೇಮ್ ತಳ್ಳಿಹಾಕುವ ಅಧಿಕಾರಿಗಳು.

ಈ ಭಾಗದ ಸಣ್ಣ ಅಂಗಡಿಯವರನ್ನು ‘ಅಂಗಡಿಗೆ ಇನ್ಶೂರೆನ್ಸ್ ಮಾಡ್ಸಿದ್ದೀರಾ?’ ಎಂದು ಕೇಳಿ ನೋಡಿ. ಹತ್ತರಲ್ಲಿ ಆರು ಮಂದಿ ಹೇಳುವ ಉತ್ತರ ಒಂದೇ: ‘ಅದ ಕನ್ ಸಾ, ಬ್ಯಾಂಕ್‌ನೋರು ವರ್ಸವರ್ಸ ದುಡ್ಡು ಹಿಡ್ಕತರ.’ ಎಷ್ಟು ಹಿಡಿಯುತ್ತಾರೆ? ಇಪ್ಪತ್ತು ರೂಪಾಯಿ. ಇನ್ನು ಕೆಲವರಿಗೆ ನಾನೂರ ಮೂವತ್ತಾರು. 20 ರೂಪಾಯಿಯದು ಪ್ರಧಾನಮಂತ್ರಿ ಸುರಕ್ಷಾ ಬಿಮಾ. ಖಾತೆದಾರ ಅಪಘಾತದಲ್ಲಿ ಸತ್ತರೆ ಮನೆಯವರಿಗೆ ಎರಡು ಲಕ್ಷ. 436 ರೂಪಾಯಿಯದು ಜೀವನ್ ಜ್ಯೋತಿ. ಹೇಗೆ ಸತ್ತರೂ ಎರಡು ಲಕ್ಷ. ಎರಡೂ 2015ರಲ್ಲಿ ಬಂದ ಯೋಜನೆಗಳು, ಎರಡೂ ಒಳ್ಳೆಯವೇ. ಆದರೆ ಎರಡರಲ್ಲೂ ಅಂಗಡಿಯ ಮಾತೇ ಇಲ್ಲ. ಅಂದರೆ ರಾತ್ರಿ ಅಂಗಡಿ ಸುಟ್ಟು ಬೂದಿಯಾದರೆ ಬಿಡಿಗಾಸಿಲ್ಲ. ಅಂಗಡಿಯ ಜೊತೆಗೆ ಮಾಲೀಕರೂ ಒಳಗಿದ್ದರೆ ಮಾತ್ರ ಎರಡು ಲಕ್ಷ. ಇಷ್ಟು ಸ್ಪಷ್ಟವಾದ ಷರತ್ತನ್ನು ಹೇಳಲು ಬ್ಯಾಂಕಿನ ಕೌಂಟರಿನಲ್ಲಿ ಯಾರಿಗೂ ಪುರುಸೊತ್ತು ಸಿಕ್ಕಿಲ್ಲ.

ಉಳಿದ ನಾಲ್ವರಲ್ಲಿ ಇಬ್ಬರು ಸಾಲ ಮಾಡಿದವರು. ಮುದ್ರಾ ಸಾಲವೋ ಇನ್ನೊಂದೋ, ಅಂಗಡಿಯ ಮಾಲನ್ನು ಅಡವು ತೋರಿಸಿದ ಮೇಲೆ ಬ್ಯಾಂಕು ಆ ಮಾಲಿಗೆ ವಿಮೆ ಮಾಡಿಸುತ್ತದೆ, ಪ್ರೀಮಿಯಂ ಅಂಗಡಿಯವರ ಖಾತೆಯಿಂದಲೇ ಹೋಗುತ್ತದೆ. ಪಾಲಿಸಿ ಎಲ್ಲಿ ಎಂದರೆ ‘ಬ್ಯಾಂಕ್‌ಲಿ ಅದ’. ಏನು ಬರೆದಿದೆ ಎಂದರೆ ‘ಮ್ಯಾನೇಜರ್‌ಗ ಗೊತ್ತು’. ಆ ಮ್ಯಾನೇಜರರು ವರ್ಗವಾಗಿ ಹೋಗಿ ವರ್ಷಗಳಾಗಿರುತ್ತವೆ. ಪಾಲಿಸಿಯಲ್ಲಿ ಬ್ಯಾಂಕಿನ ಹೆಸರಿಗೆ ಒಂದು ಕಲಂ ಇರುತ್ತದೆ: ನಷ್ಟವಾದರೆ ಹಣ ಮೊದಲು ಬ್ಯಾಂಕಿಗೆ. ಇದರಲ್ಲಿ ಅನ್ಯಾಯವೇನಿಲ್ಲ, ಸಾಲ ಕೊಟ್ಟವರು ಜೋಪಾನವಾಗಿರಲೇಬೇಕು. ತಮಾಷೆ ಇರುವುದು ಬೇರೆ ಕಡೆ. ಬಾಡಿಗೆ ಕಡಿಮೆ ಅಂತ ಅಂಗಡಿಯನ್ನು ಬಸ್‌ಸ್ಟ್ಯಾಂಡಿನ ಕಡೆಗೆ ಬದಲಾಯಿಸಿದರೆ ಪಾಲಿಸಿ ಹಿಂದೆಯೇ ನಡೆದು ಬರುವುದಿಲ್ಲ. ಅದು ಹಳೇ ಮಳಿಗೆಯ ವಿಳಾಸದಲ್ಲೇ ನಿಷ್ಠೆಯಿಂದ ಕೂತಿರುತ್ತದೆ, ಅಲ್ಲಿ ಈಗ ಬೇರೆ ಯಾರೋ ಕಟಿಂಗ್ ಶಾಪ್ ಇಟ್ಟಿದ್ದರೂ. ಸಾಲ ತೀರಿದ ದಿನ ಅಂಗಡಿಯವರು ಪೇಡ ಹಂಚುತ್ತಾರೆ. ಮುಂದಿನ ವರ್ಷ ಬ್ಯಾಂಕು ಪಾಲಿಸಿ ನವೀಕರಿಸುವುದನ್ನು ನಿಲ್ಲಿಸುತ್ತದೆ. ತನ್ನ ಸಾಲವೇ ಇಲ್ಲದ ಮೇಲೆ ನಿಮ್ಮ ಅಂಗಡಿ ಇದ್ದರೇನು, ಹೋದರೇನು?

ಇನ್ನಿಬ್ಬರು ಏಜೆಂಟರ ಕೈಗೆ ಸಿಕ್ಕವರು. ಏಜೆಂಟರು ಪರಿಚಯದವರೇ ಆಗಿರುತ್ತಾರೆ, ನೆಂಟರೂ ಆಗಿರಬಹುದು. ಅವರ ಬಾಯಲ್ಲಿ ಒಂದೇ ಮಂತ್ರ: ‘ಎಲ್ಲಾ ಕವರ್ ಆಯ್ತದ ಕನಣ್ಣ, ನೀ ಸೈನ್ ಹಾಕು.’ ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ. ಅರ್ಜಿ ತುಂಬಿದವರು ಅವರು, ಸಹಿ ಅಂಗಡಿಯವರದು. ಶೀಟು ಹೊದಿಸಿ ಮುಂದೆ ಗರಿ ಚಪ್ಪರ ಇಳಿಸಿದ ಅಂಗಡಿ ಅರ್ಜಿಯಲ್ಲಿ ಆರ್‌ಸಿಸಿ ಕಟ್ಟಡವಾಗುತ್ತದೆ, ಏಕೆಂದರೆ ಕಚ್ಚಾ ಕಟ್ಟಡಕ್ಕೆ ಪ್ರೀಮಿಯಂ ಜಾಸ್ತಿ. ಅಪಾಯಕಾರಿ ವಸ್ತು ಇಡುತ್ತೀರಾ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಬರೆಯುವಾಗ, ಬಾಗಿಲ ಬಳಿ ಲೀಟರ್ ಬಾಟಲಿಯಲ್ಲಿ ತುಂಬಿಟ್ಟ ಪೆಟ್ರೋಲು ಏಜೆಂಟರ ಮೊಣಕೈಗೇ ತಾಗುತ್ತಿರುತ್ತದೆ. ಬಂಕು ದೂರ, ಹಳ್ಳಿಗೆ ಬಾಟಲಿ ಪೆಟ್ರೋಲು ಬೇಕೇ ಬೇಕು, ನಿಜ. ಬೆಂಕಿ ಬಿದ್ದ ದಿನ ನಷ್ಟ ಅಳೆಯಲು ಬರುವ ಸರ್ವೇಯರ್ ಮೊದಲು ಹುಡುಕುವುದೂ ಆ ಬಾಟಲಿಯನ್ನೇ. ಪಾಲಿಸಿ ಮಾರುವುದು ಕನ್ನಡದಲ್ಲಿ, ಬರೆದುಕೊಡುವುದು ಇಂಗ್ಲಿಷಿನಲ್ಲಿ, ತಳ್ಳಿಹಾಕುವುದೂ ಇಂಗ್ಲಿಷಿನಲ್ಲೇ. ಸಮಾಧಾನ ಹೇಳಲು ಮಾತ್ರ ಮತ್ತೆ ಕನ್ನಡಕ್ಕೆ ಬರುತ್ತಾರೆ.

ಈ ಸೀಮೆಗೆ ವಿಮೆಯೇ ಹೊಸತು, ಅದಕ್ಕೇ ಹೀಗೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೈಸೂರು ಸಂಸ್ಥಾನ ತನ್ನ ನೌಕರರಿಗೆ ಜೀವವಿಮೆ ಶುರುಮಾಡಿದ್ದು 1891ರಲ್ಲಿ. ಇವತ್ತಿನ ಕೆಜಿಐಡಿ, ಅಂದರೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ, ಅದರ ಮೊಮ್ಮಗ. 1920ರಲ್ಲಿ ಇದೇ ಮೈಸೂರಿನ ಅಧಿಕಾರಿ ಜೆ. ಎಸ್. ಚಕ್ರವರ್ತಿ ರೈತರಿಗೆ ಮಳೆಯ ಮೇಲೇ ವಿಮೆ ಮಾಡಬೇಕೆಂದು ಒಂದು ಪುಸ್ತಕವನ್ನೇ ಬರೆದರು. ಮಳೆಮಾಪಕ ನೋಡಿ, ಗೊತ್ತುಮಾಡಿದ ಅಳತೆಗಿಂತ ಮಳೆ ಕಡಿಮೆಯಾದರೆ ಆ ಸೀಮೆಯ ರೈತರಿಗೆಲ್ಲ ಹಣ ಕೊಡಿ. ಒಬ್ಬೊಬ್ಬರ ಹೊಲಕ್ಕೆ ಹೋಗಿ ಜಗಳವಾಡಬೇಡಿ ಎಂಬುದು ಅವರ ಯೋಜನೆಯ ತಿರುಳು. ಆಗ ಅದು ಕಾಗದದಲ್ಲೇ ಉಳಿಯಿತು. ಮಳೆ ಲೆಕ್ಕದ ವಿಮೆ ಈ ದೇಶದಲ್ಲಿ ಜಾರಿಗೆ ಬಂದದ್ದು 2003ರಲ್ಲಿ, ಅದೂ ಆಂಧ್ರದಲ್ಲಿ, ‘ಹೊಸ ಆವಿಷ್ಕಾರ’ ಎಂಬ ಹಾರ ಹಾಕಿಸಿಕೊಂಡು. ವಿಮೆಯ ಬುದ್ಧಿ ನಮ್ಮಲ್ಲೇ ಹುಟ್ಟಿತ್ತು. ಅದನ್ನು ರೈತನ ಹೊಲದವರೆಗೆ, ಅಂಗಡಿಯ ಹೊಸ್ತಿಲವರೆಗೆ ತಲುಪಿಸುವ ಉಸಾಬರಿ ಯಾರೂ ಮಾಡಲಿಲ್ಲ, ಅಷ್ಟೆ.

ಇರಲಿ. ಅಂಗಡಿಗೆ ಇರುವ ಅಸಲಿ ಪಾಲಿಸಿಯ ಹೆಸರು ಫೈರ್ ಪಾಲಿಸಿ. ಹೆಸರು ಕೇಳಿದವರು ಬೆಂಕಿಗೆ ಮಾತ್ರ ಅಂದುಕೊಳ್ಳುತ್ತಾರೆ. 2018ರಲ್ಲೂ 2019ರಲ್ಲೂ ಆಗಸ್ಟ್ ತಿಂಗಳಲ್ಲಿ ಕಬಿನಿ ಜಲಾಶಯದಿಂದ ಬಿಟ್ಟ ನೀರು ನಂಜನಗೂಡಿನ ಹದಿನಾರು ಕಾಲು ಮಂಟಪವನ್ನು ಮುಳುಗಿಸಿ, ಮಲ್ಲನಮೂಲೆ ಮಠವನ್ನು ಸುತ್ತುವರಿದು, ಊಟಿ ರಸ್ತೆಯನ್ನೇ ಕಡಿದುಹಾಕಿತು. ಅಂಥ ಹೊತ್ತಿನಲ್ಲಿ ಫೈರ್ ಪಾಲಿಸಿ ಇಟ್ಟುಕೊಂಡವರು ‘ನಮ್ದು ಬೆಂಕಿ ಇನ್ಶೂರೆನ್ಸು, ನೀರಿಗೆ ಬರಕಿಲ್ಲ’ ಎಂದು ನೆನೆದ ಅಕ್ಕಿ ಮೂಟೆಯನ್ನು ಕೋಳಿಫಾರಂಗೆ ಮಾರಿ ಕೈತೊಳೆದುಕೊಳ್ಳುತ್ತಾರೆ. ವಾಸ್ತವದಲ್ಲಿ ಬೆಂಕಿ ಪಾಲಿಸಿಯೊಳಗೇ ಬಿರುಗಾಳಿ, ನೆರೆ, ಸಿಡಿಲು, ಗಲಭೆ ಎಲ್ಲ ಸೇರಿರುತ್ತವೆ. ಹಳೇ ಮಾದರಿಯಲ್ಲಿ ಮಾತ್ರ ‘ನಮಗೆ ನೆರೆ ಬೇಡ’ ಎಂದು ಬರೆದುಕೊಟ್ಟು ಪ್ರೀಮಿಯಂನಲ್ಲಿ ಒಂದಿಷ್ಟು ಉಳಿಸಬಹುದಿತ್ತು. ಹೊಳೆದಂಡೆಯ ಅಂಗಡಿಯವರ ಪರವಾಗಿ ಅಂಥ ಉಳಿತಾಯ ಮಾಡಿಕೊಟ್ಟ ಏಜೆಂಟರೂ ಇದ್ದಾರು. 2021ರ ಏಪ್ರಿಲ್ 1ರಿಂದ ವಿಮಾ ಪ್ರಾಧಿಕಾರವು ಐದು ಕೋಟಿಯೊಳಗಿನ ಆಸ್ತಿಯಿರುವ ವ್ಯವಹಾರಗಳಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿಯನ್ನು ಎಲ್ಲ ಕಂಪನಿಗಳೂ ಮಾರಬೇಕೆಂದು ಕಡ್ಡಾಯ ಮಾಡಿದೆ. ನೆರೆ, ಗಾಳಿ ಅದರಲ್ಲೇ ಅಡಕ. ಹೆಸರಿನಲ್ಲೇ ಭಾರತವಿರುವ ಈ ಪಾಲಿಸಿಯ ಹೆಸರನ್ನು ಭಾರತದ ಸಂತೆಬೀದಿಗಳಲ್ಲಿ ಕೇಳಿದವರು ಕಡಿಮೆ.

ಬೆಂಕಿ ಪಾಲಿಸಿ ನೀರಿಗೆ ದುಡ್ಡು ಕೊಡುತ್ತದೆ ಎಂದು ಹಿಗ್ಗುವ ಮೊದಲು, ಬೆಂಕಿಗೇ ಕೊಡದಿರುವ ಸಂದರ್ಭವನ್ನೂ ಕೇಳಿ. ಹಿಟ್ಟಿನ ಗಿರಣಿಯಲ್ಲಿ ವೋಲ್ಟೇಜು ಏರಿಳಿದು ಮೋಟಾರಿನ ಕಾಯಿಲ್ ಸುಟ್ಟುಹೋಯಿತು. ಹೊಗೆ ಬಂತು, ವಾಸನೆ ಬಂತು, ಊರೇ ಬಂತು. ಕಂಪನಿ ಬರುವುದಿಲ್ಲ. ಶಾರ್ಟ್ ಸರ್ಕ್ಯೂಟಿನಿಂದ ಬೆಂಕಿ ಹತ್ತಿ ಪಕ್ಕದ ರಾಗಿ ಚೀಲ ಸುಟ್ಟರೆ ಚೀಲಕ್ಕೆ ಹಣ ಉಂಟು, ಸುಟ್ಟ ಮೋಟಾರಿಗೆ ಮಾತ್ರ ಇಲ್ಲ. ಮೋಟಾರು ತನ್ನ ಕರ್ಮಕ್ಕೆ ತಾನು ಸುಟ್ಟುಕೊಂಡದ್ದು. ಅದಕ್ಕೆ ಯಂತ್ರ ಕೆಟ್ಟರೆ ಕೊಡುವ ಬೇರೆ ಪಾಲಿಸಿ ಬೇಕು. ಹಳೇ ಮಾದರಿಯಲ್ಲಿ ಗಲ್ಲಾಪೆಟ್ಟಿಗೆಯ ನೋಟು ಸುಟ್ಟರೂ, ಮೊದಲೇ ಬರೆಸದಿದ್ದರೆ, ಇಲ್ಲ. ಲೆಕ್ಕದ ಪುಸ್ತಕಕ್ಕೂ ಅಷ್ಟೇ. ಹಳ್ಳಿ ಅಂಗಡಿಯ ನಿಜವಾದ ಆಸ್ತಿ ಇರುವುದೇ ಸಾಲದ ಪುಸ್ತಕದಲ್ಲಿ. ಗೋಡೆಯ ಮೇಲೆ ‘ಸಾಲ ಕೇಳಬೇಡಿ’ ಎಂದು ಬರೆಸಿ, ಅದರ ಕೆಳಗೇ ಕೂತು ಬರೆದಿಟ್ಟ ಪುಸ್ತಕ ಅದು. ಬೆಂಕಿ ಬಿದ್ದಾಗ ಕೊಡ ಹಿಡಿದು ಓಡಿ ಬರುವವರಲ್ಲಿ ಅರ್ಧ ಜನರ ಹೆಸರು ಅದರಲ್ಲಿರುತ್ತದೆ. ಅವರು ನೀರು ಎಲ್ಲಿಗೆ ಎರಚುತ್ತಾರೆ, ಎಲ್ಲಿಗೆ ಎರಚುವುದಿಲ್ಲ ಎಂಬುದನ್ನು ಯಾವ ಸರ್ವೇಯರೂ ಅಳೆದಿಲ್ಲ.

ಈಗ ಕಳ್ಳನ ವಿಚಾರ. ಬೆಂಕಿ ಪಾಲಿಸಿಯಲ್ಲಿ ಮಾಮೂಲಿ ಕಳವಿಗೆ ಜಾಗವಿಲ್ಲ. ಬೆಂಕಿಯೋ ನೆರೆಯೋ ಬಂದ ಗದ್ದಲದಲ್ಲಿ ಏಳು ದಿನದೊಳಗೆ ಮಾಲು ಕದ್ದರೆ ಹೊಸ ಪಾಲಿಸಿ ಒಪ್ಪುತ್ತದೆ; ಅದನ್ನು ಬಿಟ್ಟು ಕಳ್ಳರಿಗೆಂದು ಬರ್ಗ್ಲರಿ ಪಾಲಿಸಿ ಬೇರೆಯೇ ಕೊಳ್ಳಬೇಕು. ಕೊಂಡಿರಿ ಅನ್ನಿ. ಕಳ್ಳ ಬಂದ, ಕದ್ದ, ಹೋದ. ಹಣ ಬರುತ್ತದೆಯೇ? ಅದು ಕಳ್ಳನ ಕೈಚಳಕದ ಮೇಲೆ ನಿಂತಿದೆ. 2004ರಲ್ಲಿ ಸುಪ್ರೀಂ ಕೋರ್ಟು, ಯುನೈಟೆಡ್ ಇಂಡಿಯಾ ಕಂಪನಿ ಮತ್ತು ಒಂದು ವರ್ತಕ ಸಂಸ್ಥೆಯ ನಡುವಿನ ವ್ಯಾಜ್ಯದಲ್ಲಿ, ಗೋದಾಮಿನ ಮಾಲು ಕಳುವಾದದ್ದು ನಿಜವಾದರೂ ಬಲಪ್ರಯೋಗ ನಡೆದಿಲ್ಲವಾದ್ದರಿಂದ ಪಾಲಿಸಿಯ ಪ್ರಕಾರ ಹಣವಿಲ್ಲ ಎಂದು ತೀರ್ಪು ಕೊಟ್ಟಿತು. ಪಾಲಿಸಿಯಲ್ಲಿ ಹಾಗೇ ಬರೆದಿತ್ತು, ಕೋರ್ಟು ಓದಿತು. ಅಂದರೆ ಕಳ್ಳ ಬೀಗ ಒಡೆಯಬೇಕು, ಇಲ್ಲವೇ ಹೆಂಚು ತೆಗೆಯಬೇಕು, ಕಿಟಕಿ ಸರಳು ಬಗ್ಗಿಸಬೇಕು, ಗೋಡೆಗೆ ಕನ್ನ ಕೊರೆಯಬೇಕು, ಕಡೇಪಕ್ಷ ನಿಮ್ಮ ಕುತ್ತಿಗೆಗೆ ಮಚ್ಚಾದರೂ ಹಿಡಿಯಬೇಕು. ಸಭ್ಯವಾಗಿ ಬಾಗಿಲು ತೆರೆದಿದ್ದಾಗ ಬಂದು, ನೀವು ಹಿಂದೆ ಉಪ್ಪು ತೂಗುತ್ತಿದ್ದಾಗ ಎಣ್ಣೆ ಡಬ್ಬ ಎತ್ತಿಕೊಂಡು, ಬಾಗಿಲು ಮುಂದಕ್ಕೆ ಮಾಡಿ ಹೋದ ಕಳ್ಳನಿಂದ ನಿಮಗೆ ಚಿಕ್ಕಾಸೂ ಹುಟ್ಟುವುದಿಲ್ಲ. ನಕಲಿ ಕೀಲಿಯಲ್ಲಿ ತೆಗೆದವನ ಕತೆಯೂ ಪೇಚಿನದೇ. ಅಂಗಡಿಯ ಹುಡುಗನೇ ಕದ್ದರಂತೂ ಮುಗಿಯಿತು. ಕೆಲಸದವರ ಕಳವಿಗೆ ನಿಷ್ಠೆಯ ವಿಮೆ ಎಂಬ ಮತ್ತೊಂದು ಪಾಲಿಸಿ ಉಂಟು. ಹುಡುಗನ ಸಂಬಳ ಎಂಟು ಸಾವಿರ, ಅವನ ನಿಷ್ಠೆಗೆ ಪ್ರೀಮಿಯಂ ಬೇರೆ.

ಆದ್ದರಿಂದ ನನ್ನದೊಂದು ಸಲಹೆ. ನಂಜನಗೂಡು, ಟಿ. ನರಸೀಪುರ ಎರಡೂ ತಾಲ್ಲೂಕಿನ ಕಳ್ಳರಿಗೆ ಕಂಪನಿಗಳೇ ಒಂದು ತರಬೇತಿ ಶಿಬಿರ ನಡೆಸಲಿ. ‘ದಯವಿಟ್ಟು ಬೀಗ ಒಡೆದೇ ಒಳಗೆ ಬನ್ನಿ, ಒಡೆದ ಗುರುತನ್ನು ಪೊಲೀಸರು ಬರುವವರೆಗೆ ಉಳಿಸಿ, ಸಾಧ್ಯವಾದರೆ ಹಾರೆಕೋಲನ್ನು ಸ್ಥಳದಲ್ಲೇ ಬಿಟ್ಟುಹೋಗಿ’ ಎಂದು ಕನ್ನಡದಲ್ಲಿ ಅಚ್ಚು ಹಾಕಿಸಿ ಹಂಚಲಿ. ಗಿರಾಕಿಗೆ ಕೊಡದ ಕನ್ನಡದ ಕಾಗದ ಕಳ್ಳನಿಗಾದರೂ ಸಿಗಲಿ.

ಇಷ್ಟು ಹೊತ್ತು ಕಂಪನಿಯನ್ನು ಬೈದದ್ದಕ್ಕೆ ತಲೆದೂಗಿದ ಅಂಗಡಿಯವರು ಈಗ ಸ್ವಲ್ಪ ನೆಟ್ಟಗೆ ಕೂರಬೇಕು. ಅಣ್ಣ, ನಿಮ್ಮಂಗಡಿಯಲ್ಲಿ ಮಾಲು ಎಷ್ಟಿದೆ? ಇದಕ್ಕೆ ನಮ್ಮಲ್ಲಿ ಒಂದು ಉತ್ತರವಿಲ್ಲ, ಮೂರಿವೆ. ಜಿಎಸ್‌ಟಿ ಅಧಿಕಾರಿ ಕೇಳಿದರೆ ‘ಏನ್ ಸಾ, ಎರಡು ಲಕ್ಷನೂ ಇಲ್ಲ.’ ಬ್ಯಾಂಕಿನವರು ಸಾಲ ಕೊಡುವ ದಿನ ಕೇಳಿದರೆ ‘ಹದಿನೈದು ಲಕ್ಷಕ್ಕೆ ಮೋಸ ಇಲ್ಲ.’ ವಿಮೆ ಏಜೆಂಟರು ಕೇಳಿದರೆ ‘ನಾಲ್ಕು ಲಕ್ಷಕ್ಕ ಮಾಡು, ಪ್ರೀಮಿಯಂ ಜಾಸ್ತಿ ಆಯ್ತದ.’ ನಿಜವಾಗಿ ಇರುವುದು ಹತ್ತು ಲಕ್ಷ. ಅದು ಗೊತ್ತಿರುವುದು ಹೆಂಡತಿಗೆ ಮಾತ್ರ. ಬೆಂಕಿ ಬಿದ್ದು ಮೂರು ಲಕ್ಷದ ಮಾಲು ಹೋಯಿತು. ನಾಲ್ಕು ಲಕ್ಷಕ್ಕೆ ವಿಮೆ ಇದೆ, ಮೂರು ಲಕ್ಷ ಪೂರ್ತಿ ಬರುತ್ತದೆಂದು ನೀವು ಬೆರಳು ಮಡಿಸುತ್ತೀರಿ. ಸರ್ವೇಯರ್ ಬೇರೆ ಬೆರಳು ಮಡಿಸುತ್ತಾರೆ. ಹತ್ತು ಲಕ್ಷದ ಮಾಲಿಗೆ ನಾಲ್ಕು ಲಕ್ಷದ ವಿಮೆ, ಅಂದರೆ ನೂರಕ್ಕೆ ನಲವತ್ತು. ಹಾಗಾದರೆ ಪ್ರತಿ ನಷ್ಟದಲ್ಲೂ ನೂರಕ್ಕೆ ನಲವತ್ತು ಮಾತ್ರ ಕಂಪನಿಯದು, ಉಳಿದ ಅರವತ್ತಕ್ಕೆ ನೀವೇ ವಿಮಾ ಕಂಪನಿ. ಮೂರು ಲಕ್ಷಕ್ಕೆ ಒಂದು ಲಕ್ಷದ ಇಪ್ಪತ್ತು ಸಾವಿರ. ಇದರಲ್ಲಿ ಮೋಸವಿಲ್ಲ, ಗಣಿತವಿದೆ. ಹೊಸ ಮಾದರಿಯ ಪಾಲಿಸಿಯಲ್ಲಿ ನೂರಕ್ಕೆ ಹದಿನೈದರವರೆಗಿನ ಕೊರತೆಯನ್ನು ಕಣ್ಣುಮುಚ್ಚಿ ಬಿಡುತ್ತಾರೆ. ಅರವತ್ತನ್ನು ಬಿಡುವಷ್ಟು ಕಣ್ಣು ಯಾರೂ ಮುಚ್ಚುವುದಿಲ್ಲ.

ಆ ಒಂದು ಲಕ್ಷದ ಇಪ್ಪತ್ತು ಸಾವಿರಕ್ಕಾದರೂ ಬಿಲ್ಲು ಬೇಕು. ಮೈಸೂರು ಸಂತೇಪೇಟೆಯಿಂದ ನಗದು ಕೊಟ್ಟು, ‘ಬಿಲ್ ಬ್ಯಾಡ, ರೇಟ್ ಕಮ್ಮಿ ಮಾಡಿ’ ಎಂದು ತಂದ ಮಾಲು ಸುಟ್ಟರೆ ಅದು ಕಾನೂನಿನ ಪ್ರಕಾರ ಹುಟ್ಟಿಯೇ ಇರಲಿಲ್ಲ. ಹುಟ್ಟದ್ದು ಸಾಯುವುದು ಹೇಗೆ? ಸರ್ವೇಯರಿಗೆ ಹತ್ತು ಲಕ್ಷದ ಲೆಕ್ಕ ಒಪ್ಪಿಸಿದರೆ, ಅದೇ ಕಾಗದ ಹಿಡಿದು ತೆರಿಗೆ ಇಲಾಖೆ ಎರಡು ಲಕ್ಷದ ಕತೆ ಕೇಳುತ್ತದೆ. ಹೀಗಾಗಿ ಊರಲ್ಲಿ ಎಷ್ಟೋ ಕ್ಲೇಮುಗಳನ್ನು ಕಂಪನಿ ತಳ್ಳುವುದಿಲ್ಲ, ಅಂಗಡಿಯವರೇ ತಲೆ ಕೆರೆದುಕೊಂಡು ಹಿಂದಕ್ಕೆ ತರುತ್ತಾರೆ. ತೆರಿಗೆ ವಿಚಾರ ಬಂತು, ಇನ್ನೊಂದು ಹೇಳಿಬಿಡುತ್ತೇನೆ: 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗಳ ಜೀವವಿಮೆ, ಆರೋಗ್ಯವಿಮೆಗೆ ಜಿಎಸ್‌ಟಿ ಎತ್ತಿದರು. ಅಂಗಡಿಯ ಬೆಂಕಿ ಪಾಲಿಸಿಗೆ ಹದಿನೆಂಟು ಪರ್ಸೆಂಟು ಹಾಗೇ ಇದೆ. ಮನುಷ್ಯ ಬದುಕಿದರೆ ಸಾಕು, ಅವನ ಬದುಕು ಆಮೇಲೆ.

ಅಂಗಡಿ ಬಿಟ್ಟು ಗಾಡಿಯ ಕಡೆ ಬಂದರೆ, ಗೂಡ್ಸ್ ಆಟೋ ಇಟ್ಟವರಿಗೆ ‘ನಮ್ದು ಫುಲ್ ಇನ್ಶೂರೆನ್ಸ್’ ಎಂಬ ಧೈರ್ಯ. ಶನಿವಾರ ಹಸಿಕಾಯಿ ಸಾಗಿಸಿದ ಗಾಡಿಯಲ್ಲೇ ಭಾನುವಾರ ನೆಂಟರಿಷ್ಟರನ್ನು ತುಂಬಿ ದೇವಸ್ಥಾನಕ್ಕೋ, ಬೀಗರೂಟಕ್ಕೋ ಹೊರಡುತ್ತಾರೆ. ಸರಕಿನ ಗಾಡಿಯಲ್ಲಿ ಸುಮ್ಮನೆ ಕೂತು ಹೋಗುವವರಿಗೆ ಕಂಪನಿಯ ಹೊಣೆ ಇಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಸರಕಿನ ಮಾಲೀಕರು ಸರಕಿನ ಜೊತೆ ಹೋದರೆ ಮಾತು ಬೇರೆ. ಅದಕ್ಕೇ ಅಪಘಾತವಾದ ಮೇಲೆ ಒಂದು ಕಾಯಿ ಚೀಲಕ್ಕೆ ಇಪ್ಪತ್ತು ಮಂದಿ ಮಾಲೀಕರು ಹುಟ್ಟಿಕೊಳ್ಳುತ್ತಾರೆ. ನ್ಯಾಯಾಧೀಶರೂ ಎಳನೀರು ಕುಡಿದವರೇ, ಒಂದು ಚೀಲಕ್ಕೆ ಎಷ್ಟು ಕಾಯಿ ಹಿಡಿಯುತ್ತದೆಂದು ಅವರಿಗೂ ಗೊತ್ತು. ಕೊನೆಗೆ ಪರಿಹಾರ ಕಟ್ಟುವುದು ಆಟೋ ಮಾರಿದ ದುಡ್ಡಿನಲ್ಲಿ.

ಗಿರಣಿಯ ಬೆಲ್ಟಿಗೆ ಕೂಲಿ ಹುಡುಗನ ಕೈ ಸಿಕ್ಕರೆ ಹೊಣೆ ಮಾಲೀಕರದು. 1923ರಿಂದಲೂ ಈ ದೇಶದ ಕಾನೂನು ಹೇಳುತ್ತಿರುವುದು ಅದನ್ನೇ. ಹತ್ತು ಜನರಿಗಿಂತ ಕಡಿಮೆ ಇರುವ ಕಡೆ ಇಎಸ್‌ಐ ಸಾಮಾನ್ಯವಾಗಿ ಇರುವುದಿಲ್ಲ. ಕೆಲಸಗಾರರಿಗೆ ಬೇರೆ ಪಾಲಿಸಿ ಸಿಗುತ್ತದೆ ಎಂದರೆ ‘ನಮ್ಮ ಹುಡುಗ, ಮನೆಯವನ ಥರ’ ಎನ್ನುತ್ತಾರೆ. ಆ ಮನೆತನ ಬೆರಳು ತುಂಡಾಗುವವರೆಗೆ.

ನಂಜನಗೂಡಿನವರಿಗೆ 2020 ನೆನಪಿರಲೇಬೇಕು. ಮಾರ್ಚ್ ಕೊನೆಯಲ್ಲಿ ಅಲ್ಲಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೊರೊನಾ ಕಾಣಿಸಿತು, ರಾಜ್ಯದ ಪತ್ರಿಕೆಗಳಲ್ಲೆಲ್ಲ ಊರಿನ ಹೆಸರು ಮೊದಲ ಪುಟಕ್ಕೆ ಬಂತು, ಅಂಗಡಿ ಬಾಗಿಲುಗಳು ಬಿದ್ದವು. ಹಲ್ಲುಪುಡಿಗೂ ರಸಬಾಳೆಗೂ ಹೆಸರಾಗಿದ್ದ ಪಟ್ಟಣಕ್ಕೆ ಹೊರಗಿನವರು ಕಾಲಿಡಲು ಹೆದರಿದರು. ವ್ಯಾಪಾರ ನಿಂತ ನಷ್ಟಕ್ಕೂ ವಿಮೆಯಲ್ಲಿ ದಾರಿ ಇದೆ. ಆದರೆ ಅದು ಬೆಂಕಿ ಪಾಲಿಸಿಯ ಬಾಲ. ಮೊದಲು ಏನಾದರೂ ಸುಡಬೇಕು, ಮುಳುಗಬೇಕು, ಕುಸಿಯಬೇಕು. ಅದರಿಂದ ವ್ಯಾಪಾರ ನಿಂತರೆ ಲಾಭದ ನಷ್ಟ ಕೊಡುತ್ತಾರೆ. ಅಂಗಡಿ ಗಟ್ಟಿಮುಟ್ಟಾಗಿ ನಿಂತಿದ್ದು, ಒಳಗೆ ಮಾಲು ಸುರಕ್ಷಿತವಾಗಿದ್ದು, ಗಿರಾಕಿಯೊಬ್ಬರೇ ಇಲ್ಲದಿದ್ದರೆ ಅದನ್ನು ನಷ್ಟವೆಂದು ಪಾಲಿಸಿ ಒಪ್ಪುವುದಿಲ್ಲ. ಉಪವಾಸ ಬಿದ್ದವರ ಅಂಗಡಿಯ ಗೋಡೆ ಬಿರುಕು ಬಿಟ್ಟಿದೆಯೇ ಎಂದು ನೋಡುವ ಶಾಸ್ತ್ರ ಇದು.

ಕ್ಲೇಮಿನ ದಾರಿ ಗೊತ್ತಿದ್ದದ್ದೇ. ಮೊದಲು ಫೋನು, ಆಮೇಲೆ ಪೊಲೀಸು, ಅಗ್ನಿಶಾಮಕದವರ ವರದಿ, ಆಮೇಲೆ ಸರ್ವೇಯರ್. ಸರ್ವೇಯರ್‌ಗೆ ಲೈಸೆನ್ಸು ಕೊಡುವುದು ಪ್ರಾಧಿಕಾರ, ಫೀಜು ಕೊಡುವುದು ಕಂಪನಿ. ಅವರು ಬರುವ ಮೊದಲೇ ನಮ್ಮ ಜನ ಅಂಗಡಿ ಗುಡಿಸಿ, ಸಾರಿಸಿ, ರಂಗೋಲಿ ಹಾಕಿ, ಸುಟ್ಟದ್ದನ್ನೆಲ್ಲ ತಿಪ್ಪೆಗೆ ಹೊತ್ತಿರುತ್ತಾರೆ; ಅಶುಭ ಇಟ್ಟುಕೊಳ್ಳಬಾರದಲ್ಲ. ಸಾಕ್ಷಿ ತಿಪ್ಪೆಯಲ್ಲಿ, ಕ್ಲೇಮು ಕಡತದಲ್ಲಿ. ಹಾಗೆಂದು ಕಂಪನಿಗಳು ಕಾಗದದ ಮೇಲೆ ಕಾಗದ ಕೇಳುತ್ತ ವರ್ಷ ಕಳೆಯುವುದೂ ಸುಳ್ಳಲ್ಲ. ಅದಕ್ಕಾಗಿಯೇ 2024ರ ಜೂನ್‌ನಲ್ಲಿ ಪ್ರಾಧಿಕಾರ ಸುತ್ತೋಲೆ ಹೊರಡಿಸಿ, ದಾಖಲೆ ಇಲ್ಲವೆಂಬ ಒಂದೇ ಕಾರಣಕ್ಕೆ ಕ್ಲೇಮು ತಳ್ಳುವಂತಿಲ್ಲ, ಬೇಕಾದ ದಾಖಲೆಯನ್ನು ಪಾಲಿಸಿ ಕೊಡುವಾಗಲೇ ಕೇಳಿ ಎಂದಿತು. ಪಾಲಿಸಿಯ ಮುಖ್ಯಾಂಶ, ಏನಿದೆ ಏನಿಲ್ಲ ಎಂಬುದನ್ನು ಸರಳವಾಗಿ ಹೇಳುವ ಮಾಹಿತಿ ಪತ್ರವನ್ನೂ ಗ್ರಾಹಕರಿಗೆ ಕೊಡಬೇಕು ಎಂದಿತು. ಸುತ್ತೋಲೆ ಇಂಗ್ಲಿಷಿನಲ್ಲಿದೆ.

ಕೋರ್ಟಿಗೆ ಹೋದರೆ? ಹೋದವರಿದ್ದಾರೆ. ನಮ್ಮ ರಾಜ್ಯದ ಬ್ಯಾಡಗಿ ಮೆಣಸಿನಕಾಯಿ ಬೆಳೆದ ರೈತರು ಶೀತಲ ಗೃಹವೊಂದರಲ್ಲಿ ಮಾಲಿಟ್ಟು, ಅದರ ಮೇಲೆ ಕೆನರಾ ಬ್ಯಾಂಕಿನಲ್ಲಿ ಸಾಲ ಪಡೆದಿದ್ದರು. 2014ರ ಜನವರಿಯಲ್ಲಿ, ಸಂಕ್ರಾಂತಿಯ ಹೊಸ್ತಿಲಲ್ಲಿ, ಆ ಕಟ್ಟಡ ಮಾಲಿನ ಸಮೇತ ಸುಟ್ಟುಹೋಯಿತು. ಪಾಲಿಸಿ ಮಾಡಿಸಿದ್ದು ಶೀತಲ ಗೃಹದವರು, ರೈತರಿಗೂ ನಮಗೂ ಸಂಬಂಧವೇ ಇಲ್ಲ, ಅವರು ನಮ್ಮ ಗ್ರಾಹಕರೇ ಅಲ್ಲ ಎಂದು ಕಂಪನಿ ಸುಪ್ರೀಂ ಕೋರ್ಟಿನವರೆಗೂ ವಾದಿಸಿತು. ಮಾಲು ಅವರದು, ಫಲಾನುಭವಿಗಳು ಅವರೇ, ಹಣ ಕೊಡಿ ಎಂದು ಕೋರ್ಟು ಹೇಳಿದ್ದು 2020ರ ಫೆಬ್ರವರಿಯಲ್ಲಿ. ಆರು ವರ್ಷ ಎಂದು ನಿಟ್ಟುಸಿರು ಬಿಡಬೇಡಿ, ಅದು ಎಕ್ಸ್‌ಪ್ರೆಸ್ ರೈಲು. 2002ರ ಫೆಬ್ರವರಿಯ ಗುಜರಾತ್ ಗಲಭೆಯಲ್ಲಿ ಮಾಲು ಸುಟ್ಟುಹೋದ ವಾಹನ ವ್ಯಾಪಾರಿ ಸಂಸ್ಥೆ ಹರ್ಸೋಲಿಯಾ ಮೋಟರ್ಸ್, ವಿಮೆ ಹಣಕ್ಕಾಗಿ ಗ್ರಾಹಕ ಆಯೋಗಕ್ಕೆ ಹೋಯಿತು. ವ್ಯಾಪಾರಿಗಳು ‘ಗ್ರಾಹಕ’ರಾಗುತ್ತಾರೆಯೇ ಎಂಬ ಒಂದು ಪ್ರಶ್ನೆಯನ್ನೇ ಜಗಿದು ಜಗಿದು, ಹೌದು ಆಗುತ್ತಾರೆ, ಇನ್ನು ದೂರಿನ ವಿಚಾರಣೆ ಶುರುಮಾಡಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2023ರ ಏಪ್ರಿಲ್‌ನಲ್ಲಿ. ಇಪ್ಪತ್ತೊಂದು ವರ್ಷ ಬಾಗಿಲು ತಟ್ಟಿದ ಮೇಲೆ, ಒಳಗೆ ಬಂದು ಕೂರಿ ಅಂದರು. ಆದರೂ ಆ ವ್ಯಾಪಾರಿಗಳಿಗೆ ಕೈಮುಗಿಯಬೇಕು. ಅವರು ತಟ್ಟಿದ್ದರಿಂದ ಹೆಮ್ಮರಗಾಲದ ಹಣ್ಣುಕಾಯಿ ಅಂಗಡಿಯವರೂ ಈಗ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗದ ಮೆಟ್ಟಿಲು ಹತ್ತಬಹುದು.

ಅಷ್ಟು ಅಲೆದಾಟ ಬೇಡ ಎನ್ನುವವರಿಗೆ ಸುಲಭದ್ದೊಂದು ಬಾಗಿಲಿದೆ. ಅದರ ಬಗ್ಗೆ ಏಜೆಂಟರೂ ಹೇಳುವುದಿಲ್ಲ, ಬ್ಯಾಂಕಿನವರೂ ಹೇಳುವುದಿಲ್ಲ. ಒಬ್ಬರೇ ಮಾಲೀಕರಿರುವ ಅಂಗಡಿ, ಅತಿ ಸಣ್ಣ ಉದ್ಯಮಗಳ ಪಾಲಿಸಿ ತಕರಾರನ್ನು ವಿಮಾ ಓಂಬುಡ್ಸ್‌ಮನ್ ಕೇಳುತ್ತಾರೆ. ಕಚೇರಿ ಇರುವುದು ಬೆಂಗಳೂರಿನ ಜೆ. ಪಿ. ನಗರದ ಜೀವನ್ ಸೌಧದಲ್ಲಿ. ಐವತ್ತು ಲಕ್ಷದವರೆಗೆ ತೀರ್ಪು ಕೊಡುವ ಅಧಿಕಾರವಿದೆ, ಶುಲ್ಕವಿಲ್ಲ, ವಕೀಲರನ್ನು ಇಡುವಂತಿಲ್ಲ, ತೀರ್ಪನ್ನು ಕಂಪನಿ ಮೂವತ್ತು ದಿನದಲ್ಲಿ ಪಾಲಿಸಬೇಕು. ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಅಲ್ಲಿಂದ ಒಂದು ವರ್ಷದೊಳಗೆ ಓಂಬುಡ್ಸ್‌ಮನ್‌ಗೆ ಬರೆಯಿರಿ.

ಇದಕ್ಕೂ ಮೊದಲು ಈ ವಾರವೇ ಮಾಡಬೇಕಾದ್ದು ಒಂದಿದೆ. ಬ್ಯಾಂಕಿಗೆ ಹೋಗಿ ನಿಮ್ಮ ಪಾಲಿಸಿಯ ಪ್ರತಿ ಕೇಳಿ ತನ್ನಿ. ಇಂಗ್ಲಿಷ್ ಬರುವ ಮಗಳನ್ನೋ ಪಕ್ಕದ ಮನೆಯ ಮೇಷ್ಟ್ರನ್ನೋ ಕೂರಿಸಿಕೊಂಡು ವಿಳಾಸ ಸರಿಯಿದೆಯೇ, ಮಾಲಿನ ಮೊತ್ತ ಎಷ್ಟು ಬರೆದಿದೆ, ಯಾವ ತಾರೀಖಿಗೆ ಮುಗಿಯುತ್ತದೆ, ಇಷ್ಟು ನೋಡಿ. ಮುಗಿದುಹೋಗಿದ್ದರೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂದು ಹೆಸರು ಹಿಡಿದು ಕೇಳಿ. ಬಾಗಿಲ ಬಳಿಯ ಪೆಟ್ರೋಲ್ ಬಾಟಲಿಯನ್ನು ಇವತ್ತೇ ತೆಗೆಯಿರಿ.